ಅಳತೆ ಮತ್ತು ಮರ್ಯಾದೆ: ಕೊಲೊರಾಡೊ ಪ್ರಸ್ಥಭೂಮಿಯ ಮರಳುಗಲ್ಲುಗಳ ಛಾಯಾಗ್ರಹಣ ಚರಿತ್ರೆ

ಅಮೆರಿಕದ ಸೇನಾ ಸರ್ವೇಕ್ಷಣಾ ತಂಡವೊಂದರ ಛಾಯಾಚಿತ್ರಕಾರನಾಗಿದ್ದ ಟಿಮೊತಿ ಓಸಲಿವನ್ 1873ರಲ್ಲಿ ಕ್ಯಾನಿಯನ್ ಡಿ ಶೇ ಎಂಬ ಕಮರಿಯಲ್ಲಿ ತೆಗೆದ ಚಿತ್ರವೊಂದನ್ನು ಛಾಯಾಗ್ರಹಣದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಬಿಟ್ಟುಕೊಟ್ಟಿಲ್ಲ. ಚಿತ್ರದ ಬಹುಭಾಗವನ್ನು ಆಕ್ರಮಿಸಿರುವುದು ಮರಳುಗಲ್ಲಿನ ಒಂದು ಮಹಾಭಿತ್ತಿ. ಅದರ ಮೇಲೆ ಓರೆಯಾಗಿ ಹರಿದ ಗೆರೆಗಳು, ಮಳೆನೀರು ಇಳಿದು ಉಂಟಾದ ಕಪ್ಪು ಪಟ್ಟೆಗಳು. ಭಿತ್ತಿಯ ಬುಡದ ಪೊಟರೆಯಲ್ಲಿ ಬಿಳಿಯ ಗಾರೆಯ ಗೋಡೆಯುಳ್ಳ ಪಾಳುಮನೆಗಳ ಸಾಲು. ಅದರ ಕೆಳಗೆ, ನೆಲದ ಮೇಲೆ, ಇನ್ನೊಂದು ಸಾಲು. ತುಸು ಹೊತ್ತು ನೋಡಿದ ಬಳಿಕವೇ ಕಣ್ಣಿಗೆ ಬೀಳುವ ಕೆಲವು ಮನುಷ್ಯಾಕೃತಿಗಳು ಮೇಲಿನ ಮನೆಗಳಲ್ಲಿಯೂ ಕೆಳಗೂ ನಿಂತಿವೆ. ಮೇಲಕ್ಕೆ ಹತ್ತಲು ಅವರು ಹಗ್ಗವನ್ನು ಬಳಸಿದ್ದಾರೆ. ಈ ಮನುಷ್ಯರು ಯಾರೆಂಬುದು ಚಿತ್ರಕ್ಕೆ ಮುಖ್ಯವಲ್ಲ. ಬಂಡೆ ಎಷ್ಟು ದೊಡ್ಡದೆಂದು ನೋಡುವವನಿಗೆ ತಿಳಿಯಬೇಕಾದರೆ ಅಲ್ಲಿ ಒಂದು ಅಳತೆಗೋಲು ಬೇಕು. ಅವರು ಆ ಅಳತೆಗೋಲು.

ಚಿತ್ರದ ಅಡಿಬರಹ ಇದನ್ನು ಪ್ರಾಚೀನ ಅವಶೇಷವೆಂದು ಕರೆದು, ಅವು ಕಮರಿಯ ತಳದಿಂದ 50 ಅಡಿ ಎತ್ತರದ ಪೊಟರೆಯಲ್ಲಿವೆಯೆಂದು ತಿಳಿಸಿ, ಸ್ಥಳವನ್ನು ನ್ಯೂ ಮೆಕ್ಸಿಕೊ ಎಂದು ನಮೂದಿಸುತ್ತದೆ. ಅರಿಜೋನಾ ಅದಕ್ಕೆ ಹತ್ತು ವರ್ಷ ಮೊದಲೇ, 1863ರಲ್ಲಿ, ಪ್ರತ್ಯೇಕ ಪ್ರಾಂತವಾಗಿತ್ತು ಮತ್ತು ಕಮರಿ ಅದರ ಎಲ್ಲೆಯೊಳಗಿತ್ತು. ಅಡಿಗಳನ್ನು ಎಣಿಸಿದ ಅಡಿಬರಹ ಊರನ್ನು ತಪ್ಪಿ ಹೇಳಿತು. ಆದರೆ ಈ ತಪ್ಪಿಗಿಂತ ಅದು ಹೇಳದೆ ಬಿಟ್ಟದ್ದು ಹೆಚ್ಚು ವಿಚಾರಾರ್ಹವಾದುದು.

ಆ ಕಮರಿಯಲ್ಲಿ ಆಗಲೂ ಜನವಿದ್ದರು. ಹೊರಗಿನವರು ನವಾಹೊ ಎಂದು ಕರೆಯುವ ಈ ಜನ ತಮ್ಮನ್ನು 'ದಿನೇ' ಎಂದು ಕರೆದುಕೊಳ್ಳುತ್ತಾರೆ. ಜನ ಎಂದೇ ಅದರ ಅರ್ಥ. ಕಮರಿಗೆ ಅವರಿತ್ತ ಹೆಸರು 'ತ್ಸೇಯಿ', ಅಂದರೆ ಬಂಡೆಯ ಒಳಗು. ಸ್ಪ್ಯಾನಿಷರ ಬಾಯಲ್ಲಿ ಅದೇ 'ಶೇ' ಆಯಿತು. 1864ರ ಜನವರಿಯಲ್ಲಿ ಕಿಟ್ ಕಾರ್ಸನ್‌ನ ನೇತೃತ್ವದ ಸೇನೆ ಈ ಕಮರಿಯನ್ನು ಹಾದುಹೋಯಿತು. ಅದೇ ವರ್ಷ ಮತ್ತೊಂದು ತುಕಡಿ ಬಂದು ದಿನೇಗಳು ಬೆಳೆಸಿದ್ದ ಸಾವಿರಾರು ಪೀಚ್ ಮರಗಳನ್ನು ಕಡಿದುಹಾಕಿತು. ಶರಣಾದ ಜನರನ್ನು ನೂರಾರು ಮೈಲಿ ದೂರದ ಬೋಸ್ಕೆ ರೆಡೊಂಡೊ ಎಂಬ ಬಯಲಿಗೆ ನಡೆಸಿಕೊಂಡು ಹೋದರು. ದಿನೇ ಮೌಖಿಕ ಪರಂಪರೆಯಲ್ಲಿ 'ದೀರ್ಘ ನಡಿಗೆ'ಯೆಂದು ಇಂದಿಗೂ ನೆನೆಯುವ ಸಂಗತಿಯಿದು. 1868ರ ಒಪ್ಪಂದದ ಬಳಿಕವಷ್ಟೇ ಅವರು ಮರಳಿ ಬಂದರು. ಓಸಲಿವನ್ ಕ್ಯಾಮೆರಾ ನಿಲ್ಲಿಸಿದಾಗ ಅವರು ಹಿಂತಿರುಗಿ ಐದೇ ವರ್ಷಗಳಾಗಿದ್ದವು. ಅದೇ ಪ್ರವಾಸದಲ್ಲಿ ಆತ ಮಗ್ಗದ ಮುಂದೆ ಕುಳಿತ ದಿನೇ ಕುಟುಂಬವೊಂದರ ಚಿತ್ರವನ್ನೂ ತೆಗೆದನೆಂಬುದನ್ನು ಮರೆಯುವಂತಿಲ್ಲ. ಆದರೆ ಬಂಡೆಯ ಚಿತ್ರ ಬೇರೆ, ಜನರ ಚಿತ್ರ ಬೇರೆ ಎಂಬ ವಿಂಗಡಣೆ ಅಲ್ಲಿಯೇ ಸಿದ್ಧವಾಗಿತ್ತು.

ಆ ಪಾಳುಮನೆಗಳಿಗೂ ಹೆಸರಿತ್ತು. ಗೋಡೆಯ ಬಿಳಿಯ ಗಾರೆಯಿಂದಾಗಿ ಅದು 'ಬಿಳಿಯ ಮನೆ'. ಇಂಗ್ಲಿಷಿನ 'ವೈಟ್ ಹೌಸ್' ಎಂಬುದು ದಿನೇ ಹೆಸರಿನದೇ ರೂಪ. ಒಂಬತ್ತು ರಾತ್ರಿಗಳ ಕಾಲ ನಡೆಯುವ, ರೋಗಿಯನ್ನು ಲೋಕದ ಲಯಕ್ಕೆ ಮರಳಿ ಕೂಡಿಸುವ 'ರಾತ್ರಿಯ ಹಾಡು' ಎಂಬ ಮಹಾವಿಧಿಯ ಐತಿಹ್ಯಗಳಲ್ಲಿ ಈ ಮನೆ ದೇವತೆಗಳ ನೆಲೆಯಾಗಿ ಬರುತ್ತದೆ. ಸೇನಾ ವೈದ್ಯನಾಗಿದ್ದ ವಾಷಿಂಗ್ಟನ್ ಮ್ಯಾಥ್ಯೂಸ್ ದೀರ್ಘಕಾಲ ಹಾಡುಗಾರರಿಂದ ಕೇಳಿ ಬರೆದುಕೊಂಡ ಈ ವಿಧಿಯ ವಿವರಗಳು 1902ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಇಂಥ ಪುರಾತನ ಮನೆಗಳನ್ನು ಹತ್ತಿ ಹೊಗುವುದನ್ನು ದಿನೇ ಸಂಪ್ರದಾಯ ಒಪ್ಪುವುದಿಲ್ಲ. ಅವು ಗತಿಸಿದವರ ತಾಣ, ದೂರದಿಂದ ಗೌರವಿಸಬೇಕಾದವು. ಹೀಗೆ ಹಗ್ಗ ಹಿಡಿದು ಹತ್ತಿ ನಿಂತ ಅಳತೆಯ ಮನುಷ್ಯ, ಆ ನೆಲದ ಜನ ಕಾಲಿಡದ ಎಡೆಯಲ್ಲಿಯೇ ನಿಂತಿದ್ದಾನೆ. ಕನ್ನಡದಲ್ಲಿ 'ಮರ್ಯಾದೆ' ಎಂಬ ಪದಕ್ಕೆ ಗೌರವವೆಂಬ ಅರ್ಥದೊಡನೆ ಎಲ್ಲೆಯೆಂಬ ಅರ್ಥವೂ ಇದೆ. ಅಳತೆಗಾಗಿ ಒಬ್ಬನನ್ನು ನಿಲ್ಲಿಸುವ ದೃಷ್ಟಿಗೂ ಎಲ್ಲೆಯನ್ನರಿತು ಹಿಂದೆ ನಿಲ್ಲುವ ದೃಷ್ಟಿಗೂ ನಡುವಣ ಈ ಅಂತರವನ್ನು ಕೊಲೊರಾಡೊ ಪ್ರಸ್ಥಭೂಮಿಯ ಛಾಯಾಗ್ರಹಣ ಚರಿತ್ರೆಯುದ್ದಕ್ಕೂ ಗುರುತಿಸಬಹುದಾಗಿದೆ.

ಯೂಟಾ, ಅರಿಜೋನಾ, ಕೊಲೊರಾಡೊ ಮತ್ತು ನ್ಯೂ ಮೆಕ್ಸಿಕೊ ಎಂಬ ನಾಲ್ಕು ರಾಜ್ಯಗಳಲ್ಲಿ ಹರಡಿಕೊಂಡಿರುವ ಈ ಪ್ರಸ್ಥಭೂಮಿಯ ಕಲ್ಲಿನ ಹುಟ್ಟನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಇಲ್ಲಿನ ಹೆಸರಾಂತ ಶಿಲಾಸ್ತರಗಳಲ್ಲೊಂದಾದ ನವಾಹೊ ಮರಳುಗಲ್ಲು ಸುಮಾರು 19 ಕೋಟಿ ವರ್ಷಗಳ ಹಿಂದಿನ ಮರುಭೂಮಿಯೊಂದರ ದಿಣ್ಣೆಗಳು ಗಟ್ಟಿಯಾಗಿ ಆದದ್ದು. ಗಾಳಿ ಮರಳನ್ನು ಪದರ ಪದರವಾಗಿ ಓರೆಯಲ್ಲಿ ಸುರಿದ ಗುರುತು ಕಲ್ಲಿನ ಮೈಮೇಲೆ ಹಾಗೆಯೇ ಉಳಿದಿದೆ. ಕೆಂಪು ಬಂದದ್ದು ಕಬ್ಬಿಣದ ಆಕ್ಸೈಡಿನಿಂದ. ಮುಂದೆ ನೀರು ಅದನ್ನು ಕೊರೆಯಿತು. ಇಂದು ನಾವು ನೋಡುವ ಮರುಭೂಮಿಯ ಕಲ್ಲು ಇನ್ನೊಂದು ಮರುಭೂಮಿಯ ಮರಳೇ ಆಗಿದೆ.

ಈ ಕೆಂಪನ್ನು ಹಿಡಿಯಲು ಮೊದಲ ಛಾಯಾಚಿತ್ರಕಾರರಿಗೆ ಸಾಧ್ಯವೇ ಇರಲಿಲ್ಲವೆಂಬುದು ಅನೇಕರ ಗಮನಕ್ಕೆ ಬಾರದ ಸಂಗತಿ. ಅಂದು ಬಳಕೆಯಲ್ಲಿದ್ದುದು ಕಲೋಡಿಯನ್ ಎಂಬ ಹಸಿಗಾಜಿನ ವಿಧಾನ. ಆಮ್ಲಸಂಸ್ಕಾರ ಪಡೆದ ಹತ್ತಿಯನ್ನು ಈಥರ್ ಮತ್ತು ಮದ್ಯಸಾರದಲ್ಲಿ ಕರಗಿಸಿದ ಅಂಟುದ್ರವವನ್ನು ಗಾಜಿನ ಮೇಲೆ ಸಮನಾಗಿ ಹರಿಯಿಸಿ, ಕತ್ತಲಲ್ಲಿ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಒದ್ದೆಯಿರುವಾಗಲೇ ಕ್ಯಾಮೆರಾಕ್ಕೆ ಸೇರಿಸಿ ಬೆಳಕಿಗೊಡ್ಡಿ, ಆರುವ ಮೊದಲೇ ಮತ್ತೆ ಕತ್ತಲ ಗೂಡಾರಕ್ಕೆ ಒಯ್ದು ಸಂಸ್ಕರಿಸಬೇಕಾಗಿತ್ತು. ಮರುಭೂಮಿಯ ಒಣಗಾಳಿಯಲ್ಲಿ ಇದಕ್ಕೆ ಸಿಗುತ್ತಿದ್ದುದು ಕೆಲವೇ ನಿಮಿಷಗಳ ಕಾಲಾವಕಾಶ. ಗಾಜು ತೊಳೆಯಲು ಶುದ್ಧ ನೀರು ಬೇಕು. ಅಲ್ಲಿ ಸಿಗುವ ನೀರು ಕ್ಷಾರಮಯ ಇಲ್ಲವೆ ಕೆಸರು. ಗಾಳಿಯಲ್ಲಿ ಹಾರಿಬಂದ ಮರಳಿನ ಕಣ ಒದ್ದೆ ಗಾಜಿಗೆ ಅಂಟಿದರೆ ಆ ಫಲಕ ಹಾಳು. ಇಷ್ಟೆಲ್ಲ ಶ್ರಮಪಟ್ಟು ದೊರೆಯುತ್ತಿದ್ದುದು ನೀಲಿಗೆ ಮಾತ್ರ ಚೆನ್ನಾಗಿ ಸ್ಪಂದಿಸುವ, ಕೆಂಪಿಗೆ ಕುರುಡಾದ ಒಂದು ಫಲಕ. ಆದುದರಿಂದ ಆಕಾಶ ಬರಿಯ ಬಿಳಿಯಾಗಿಯೂ ಕೆಂಪು ಬಂಡೆ ಗಾಢ ಕಪ್ಪಾಗಿಯೂ ಮೂಡುತ್ತಿದ್ದವು. ನೂರಾರು ಮೈಲಿ ಪೂರ್ವದ ನಗರಗಳಲ್ಲಿ ಕುಳಿತು ಈ ಚಿತ್ರಗಳನ್ನು ನೋಡಿದವರಿಗೆ ಅದು ಮೋಡವಿಲ್ಲದ, ಬಣ್ಣವಿಲ್ಲದ, ಮನುಷ್ಯರಿಲ್ಲದ ಕಠೋರ ಲೋಕವಾಗಿ ಕಂಡಿತು. ಅದರಲ್ಲಿ ಎಷ್ಟು ಪಾಲು ಆ ನೆಲದ್ದು, ಎಷ್ಟು ಪಾಲು ರಸಾಯನದ್ದು ಎಂದು ಅವರು ಕೇಳಲಿಲ್ಲ.

ಓಸಲಿವನ್ ಈ ವಿದ್ಯೆಯನ್ನು ಪಳಗಿಸಿಕೊಂಡದ್ದು ಅಮೆರಿಕದ ಅಂತರ್ಯುದ್ಧದ ರಣಭೂಮಿಗಳಲ್ಲಿ. 1867ರಲ್ಲಿ ಆತ ಭೂವಿಜ್ಞಾನಿ ಕ್ಲಾರೆನ್ಸ್ ಕಿಂಗ್‌ನ ಸರ್ವೇಕ್ಷಣೆಯನ್ನು ಸೇರಿದ. ಆ ವರ್ಷ ನೆವಾಡಾದ ಮರಳುದಿಣ್ಣೆಗಳಲ್ಲಿ ತೆಗೆದ ಚಿತ್ರದಲ್ಲಿ ಕತ್ತಲಕೋಣೆಯಾಗಿ ಮಾರ್ಪಡಿಸಿದ ಗಾಡಿ, ಹೇಸರಗತ್ತೆಗಳು, ಗಾಡಿಯಿಂದ ಕ್ಯಾಮೆರಾದತ್ತ ಬಂದ ಹೆಜ್ಜೆಗುರುತುಗಳು ಕಾಣುತ್ತವೆ. ಓಸಲಿವನ್‌ನ ಚಿತ್ರಗಳಲ್ಲಿ ಆತ ತನ್ನ ಇರವನ್ನು ಮರೆಮಾಡದ ಅಪರೂಪದ ಚಿತ್ರವಿದು. 1871ರಲ್ಲಿ ಲೆಫ್ಟಿನೆಂಟ್ ಜಾರ್ಜ್ ವೀಲರ್‌ನ ತಂಡದೊಡನೆ ದೋಣಿಗಳಲ್ಲಿ ಕೊಲೊರಾಡೊ ನದಿಯನ್ನು ಪ್ರವಾಹಕ್ಕೆದುರಾಗಿ ಏರಿದ. ಅಂದು ತೆಗೆದ ಗಾಜುಗಳಲ್ಲಿ ಬಹಳಷ್ಟು ನಾಶವಾದವು. ಈ ಸರ್ವೇಕ್ಷಣೆಗಳ ಉದ್ದೇಶ ಕಲೆಯಾಗಿರಲಿಲ್ಲ. ಸೇನೆಗೆ ದಾರಿ, ಗಣಿಗಾರರಿಗೆ ಅದಿರು, ವಾಷಿಂಗ್ಟನ್ನಿನ ಶಾಸಕರಿಗೆ ಮುಂದಿನ ವರ್ಷದ ಅನುದಾನವನ್ನು ಸಮರ್ಥಿಸುವ ಸಾಕ್ಷ್ಯ ಬೇಕಾಗಿದ್ದವು. ಸರಕಾರವೊಂದು ತಾನು ಹೊಸದಾಗಿ ಆಳತೊಡಗಿದ ನೆಲದ ಕಲ್ಲುಗಳನ್ನು ಚಿತ್ರಿಸಿ ಕಡತಕ್ಕೆ ಸೇರಿಸುವ ಈ ಕ್ರಮ ಕನ್ನಡನಾಡಿಗೆ ಅಪರಿಚಿತವಲ್ಲ: ಮುಂಬಯಿ ಸರಕಾರ 1855ರಲ್ಲಿ ನೇಮಿಸಿದ ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್ ಕಾಗದದ ನೆಗೆಟಿವ್‌ಗಳಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮರಳುಗಲ್ಲಿನ ಗುಡಿಗಳನ್ನು ಸೆರೆಹಿಡಿದಿದ್ದ. ಅಲ್ಲಿ ಕಲ್ಲನ್ನು ಕಡೆದ ಕೈಗಳಾದರೂ ಒಪ್ಪಿತವಾಗಿದ್ದವು. ಕೊಲೊರಾಡೊದ ಬಂಡೆಗಳನ್ನು ಯಾರೂ ಕಡೆದಿರಲಿಲ್ಲವಾದುದರಿಂದ ಅವು ಯಾರವೂ ಅಲ್ಲವೆಂದು ಭಾವಿಸುವುದು ಸುಲಭವಾಯಿತು.

ಇದೇ ಕಾಲದಲ್ಲಿ ಜಾನ್ ವೆಸ್ಲಿ ಪೊವೆಲ್‌ನ ಎರಡನೆಯ ನದಿಯಾತ್ರೆ (1871-72) ಸಾಗಿತ್ತು. 1869ರ ಮೊದಲ ಯಾತ್ರೆಯಲ್ಲಿ ಛಾಯಾಚಿತ್ರಕಾರನಿರಲಿಲ್ಲ, ಎರಡನೆಯದಕ್ಕೆ ಇ. ಓ. ಬೀಮನ್ ಎಂಬಾತ ಬಂದ. ತಂಡದಲ್ಲಿ ಹುಡುಗನಾಗಿದ್ದ ಫ್ರೆಡೆರಿಕ್ ಡೆಲೆನ್‌ಬಾ 1908ರಲ್ಲಿ ಪ್ರಕಟಿಸಿದ ಯಾತ್ರಾಕಥನದಲ್ಲಿ ಬಂಡೆಗಳ ಮೇಲೆ ಈ ಸರಂಜಾಮನ್ನು ಹೊರುವ ಪಾಡನ್ನು ವಿನೋದದಿಂದ ನೆನೆದಿದ್ದಾನೆ: ಕ್ಯಾಮೆರಾದ ಪೆಟ್ಟಿಗೆಯೇ ಭಾರ, ರಸಾಯನಗಳ ಪೆಟ್ಟಿಗೆ ಅದನ್ನು ಮೀರಿಸಿದ್ದು, ಕತ್ತಲ ಪೆಟ್ಟಿಗೆಯ ಮುಂದೆ ಅವೆರಡೂ ಹಗುರ. ಬೀಮನ್ ಹೊರಟುಹೋದ ಮೇಲೆ ಬಂದವನೂ ಅಸ್ವಸ್ಥನಾಗಿ ಹಿಂದಿರುಗಲು, ಹುಟ್ಟು ಹಾಕಲು ಕೂಲಿಗೆ ಸೇರಿದ್ದ ಜಾನ್ ಹಿಲರ್ಸ್ ಎಂಬ ಜರ್ಮನ್ ಮೂಲದವನ ಕೈಗೆ ಕ್ಯಾಮೆರಾ ಬಂದಿತು. ನೋಡುತ್ತ ನೋಡುತ್ತ ಕಲಿತ ಈ ದೋಣಿಗ ಮುಂದೆ ದಶಕಗಳ ಕಾಲ ಸರಕಾರಿ ಛಾಯಾಚಿತ್ರಕಾರನಾಗಿ ದುಡಿದ.

ಪ್ರಸ್ಥಭೂಮಿಯ ಪಶ್ಚಿಮದಲ್ಲಿ ವಾಸಿಸುವ ದಕ್ಷಿಣ ಪೈಯೂಟ್ ಜನ ಹಿಲರ್ಸನಿಗೆ ಒಂದು ಹೆಸರಿಟ್ಟರು. ಆ ಹೆಸರಿನ ಅರ್ಥ 'ನೀರಿನೊಳಗಿನ ನಾನು'. ಗಾಜಿನ ಮೇಲೆ ದ್ರವ ಹರಿಸಿ, ನೀರಿನಲ್ಲಿ ತೊಳೆದು, ಅದರೊಳಗಿಂದ ತಮ್ಮ ಮುಖವನ್ನು ಎತ್ತಿ ತೋರಿಸುವ ಮನುಷ್ಯನಿಗೆ ಇದಕ್ಕಿಂತ ಯುಕ್ತವಾದ ಹೆಸರಿರಲಾರದು. ಆದಿವಾಸಿಗಳು ಕ್ಯಾಮೆರಾವನ್ನು ಕಂಡು ಅಂಜಿದರು, ಅದು ಪ್ರಾಣ ಹೀರುತ್ತದೆಂದು ನಂಬಿದರು ಎಂಬ ಹಳಸಲು ಮಾತನ್ನು ಯಾತ್ರಿಕರ ಬರಹಗಳು ಎಲ್ಲ ಖಂಡಗಳಿಂದಲೂ ತಂದು ಒಪ್ಪಿಸುತ್ತವೆ. ಈ ಹೆಸರಿನಲ್ಲಿ ಅಂಜಿಕೆಯಿಲ್ಲ. ಒಂದು ತಾಂತ್ರಿಕ ಕ್ರಿಯೆಯ ಸೂಕ್ಷ್ಮ ಅವಲೋಕನವಿದೆ, ಹೊಳೆಯಲ್ಲಿ ಬಾಗಿ ನೋಡಿಕೊಂಡ ಅನುಭವದೊಡನೆ ಅದನ್ನು ಕೂಡಿಸುವ ಜಾಣ್ಮೆಯಿದೆ. ಆದರೆ ಹಿಲರ್ಸ್ ತೆಗೆದ ಪೈಯೂಟರ ಚಿತ್ರಗಳು ಆ ಜಾಣ್ಮೆಗೆ ತಕ್ಕುವಾಗಿರಲಿಲ್ಲ. ಆಗಲೇ ಅಂಗಡಿಯ ಬಟ್ಟೆ ತೊಡುತ್ತಿದ್ದ ಜನರಿಗೆ ಸರ್ವೇಕ್ಷಣೆಯವರು ತೊಗಲಿನ ಉಡುಪುಗಳನ್ನು ತೊಡಿಸಿ ನಿಲ್ಲಿಸಿದರೆಂಬುದನ್ನು ಮಾನವಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ನೀರಿನೊಳಗೆ ಕಂಡದ್ದು 'ನಾನು' ಅಲ್ಲ, ನೋಡುವವರು ಬಯಸಿದ ಇನ್ನೊಬ್ಬ.

ಹೆಸರಿಡುವ ಕಾರ್ಯ ಎರಡೂ ಕಡೆಯಿಂದ ನಡೆದಿತ್ತು. ಭೂಪಟದಲ್ಲಿ ಉಳಿದದ್ದು ಒಂದು ಕಡೆಯದು. ಯೂಟಾದ ಹೆನ್ರಿ ಪರ್ವತಶ್ರೇಣಿಯಲ್ಲಿ ಹಿಲರ್ಸನ ಹೆಸರಿನ ಶಿಖರವೊಂದಿದೆ. ಗ್ಲೆನ್ ಕ್ಯಾನಿಯನ್ ಎಂಬುದು ಪೊವೆಲ್ ಇಟ್ಟ ಹೆಸರು. ದಿನೇ ಸ್ಥಳನಾಮಗಳಲ್ಲಿ ಹಲವು 'ತ್ಸೇ' ಎಂದು ಆರಂಭವಾಗುತ್ತವೆ. ತ್ಸೇ ಎಂದರೆ ಕಲ್ಲು, ಬಂಡೆ. ನಮ್ಮಲ್ಲಿ ಕಲ್ಲು, ಅರೆ, ಗುಂಡು ಎಂಬ ಪದಗಳು ಊರಹೆಸರುಗಳಲ್ಲಿ ಬೆರೆತಿರುವಂತೆಯೇ ಇದು. ಆದರೆ ದಿನೇ ಹೆಸರು ಬಂಡೆಯ ಆಕಾರವನ್ನಷ್ಟೇ ಹೇಳಿ ಮುಗಿಯುವುದಿಲ್ಲ. ಅದರ ಹಿಂದೆ ಕಥೆಯಿರುತ್ತದೆ, ಕಥೆಗೆ ಹೊತ್ತು ಗೊತ್ತುಗಳಿರುತ್ತವೆ.

ಕ್ಯಾನಿಯನ್ ಡಿ ಶೇಯ ತಳದಿಂದ ಸುಮಾರು 800 ಅಡಿ ಎದ್ದು ನಿಂತ ಜೋಡಿಕಂಬದ ಬಂಡೆಯನ್ನು ನಿದರ್ಶನವಾಗಿ ನೋಡಬಹುದು. ಅದು ಜೇಡಜ್ಜಿಯ ಮನೆ. ದಿನೇ ಹೆಂಗಸರಿಗೆ ಮಗ್ಗದ ನೇಯ್ಗೆ ಕಲಿಸಿದವಳು ಈ ಅಜ್ಜಿಯೇ. ಬಂಡೆಯ ತುದಿ ಬೆಳ್ಳಗಿರುವುದಕ್ಕೆ ಮಕ್ಕಳಿಗೆ ಹೇಳುವ ಕಾರಣ ಬೇರೆ: ಮಾತು ಕೇಳದ ಮಕ್ಕಳನ್ನು ಆಕೆ ಮೇಲಕ್ಕೊಯ್ದು ತಿನ್ನುತ್ತಾಳೆ, ಬೆಳ್ಳಗಿರುವುದು ಅವರ ಎಲುಬು. ಗುಮ್ಮನನ್ನು ಕರೆದು ಮಕ್ಕಳನ್ನು ಸುಮ್ಮನಾಗಿಸಿದ ನಾಡಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಲೆ ಕಲಿಸುವವಳೂ ಮಕ್ಕಳನ್ನು ಬೆದರಿಸುವವಳೂ ಒಬ್ಬಳೇ ಆಗಿರುವುದು ಜನಪದ ಕಲ್ಪನೆಯ ಶಕ್ತಿ. ಇಂಥ ಹಲವು ಕಥೆಗಳನ್ನು ಚಳಿಗಾಲದಲ್ಲಿ, ಹಾವು ಜೇಡಗಳು ನೆಲದೊಳಗೆ ನಿದ್ರಿಸುವಾಗ ಮಾತ್ರ ಹೇಳಬೇಕೆಂಬ ಕಟ್ಟಳೆಯಿದೆ. ಛಾಯಾಚಿತ್ರಕಾರರು ಬಹುಪಾಲು ಬಂದದ್ದು ಬೇಸಗೆಯಲ್ಲಿ. ಕಥೆ ಬಾಯಿ ಕಟ್ಟಿಕೊಂಡಿರುವ ಕಾಲದಲ್ಲಿ ಬಂದು, ಇಲ್ಲಿ ಕಥೆಯೇ ಇಲ್ಲವೆಂದು ಅವರು ತಿಳಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಚಿತ್ರವೆಂಬುದು ದಿನೇಗಳಿಗೆ ಹೊಸದಾಗಿರಲಿಲ್ಲವೆಂಬುದೂ ಇಲ್ಲಿ ಉಲ್ಲೇಖನೀಯ. ರೋಗಪರಿಹಾರದ ವಿಧಿಗಳಲ್ಲಿ ಹಾಡುಗಾರರು ನೆಲದ ಮೇಲೆ ಬಿಡಿಸುವ ಮರಳಚಿತ್ರಗಳಿಗೆ ಬಣ್ಣ ದೊರೆಯುವುದು ಇದೇ ಮರಳುಗಲ್ಲನ್ನು ಅರೆದ ಪುಡಿಯಿಂದ, ಇದ್ದಲಿನಿಂದ. ರೋಗಿಯನ್ನು ಚಿತ್ರದ ಮೇಲೆ ಕುಳ್ಳಿರಿಸಿ ವಿಧಿ ಮುಗಿದೊಡನೆ ಅದನ್ನು ಅಳಿಸಿಬಿಡುತ್ತಾರೆ. ತುಳುನಾಡಿನ ನಾಗಮಂಡಲದಲ್ಲಿಯೂ ರಾತ್ರಿಯಿಡೀ ಬಣ್ಣದ ಪುಡಿಗಳಿಂದ ಬರೆದ ಮಂಡಲ ಆರಾಧನೆಯ ಕೊನೆಗೆ ಅಳಿದುಹೋಗುತ್ತದೆ. ಚಿತ್ರದ ಸಾರ್ಥಕ್ಯ ಅದು ಉಳಿಯುವುದರಲ್ಲಿಲ್ಲ ಎಂದು ತಿಳಿದ ಸಮಾಜದ ಮುಂದೆ, ಉಳಿಯುವುದನ್ನೇ ಪರಮಗುರಿಯಾಗಿಸಿಕೊಂಡ ಚಿತ್ರವಿಧಾನವೊಂದು ಬಂದು ನಿಂತಿತ್ತು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಂಡೆಗಳು ಸಿನಿಮಾಕ್ಕೆ ಬಂದ ಕಥೆ ಸುಪರಿಚಿತ. ದಿನೇಗಳು 'ತ್ಸೇ ಬೀ ಎನ್‌ಜಿಸ್ಗೈ' ಎನ್ನುವ, ಲೋಕ ಮಾನ್ಯುಮೆಂಟ್ ವ್ಯಾಲಿ ಎಂದು ಅರಿತಿರುವ ಬಯಲಿನಲ್ಲಿ ವ್ಯಾಪಾರದ ಮಳಿಗೆಯಿಟ್ಟಿದ್ದ ಹ್ಯಾರಿ ಗೌಲ್ಡಿಂಗ್, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಜೋಸೆಫ್ ಮ್ಯೂಂಚ್ ಎಂಬ ಜರ್ಮನ್ ವಲಸಿಗನು ತೆಗೆದಿದ್ದ ಚಿತ್ರಗಳನ್ನು ಹಿಡಿದು ಹಾಲಿವುಡ್ಡಿಗೆ ಹೋದ. ನಿರ್ದೇಶಕ ಜಾನ್ ಫೋರ್ಡ್ ಅವನ್ನು ನೋಡಿ ಅಲ್ಲಿಗೆ ಬಂದ. 1939ರಲ್ಲಿ 'ಸ್ಟೇಜ್‌ಕೋಚ್' ತೆರೆಕಂಡಿತು. ಈ ವೃತ್ತಾಂತ ಹೇಳುತ್ತ ಹೇಳುತ್ತ ಒಂದಷ್ಟು ಬಣ್ಣ ಕಟ್ಟಿಕೊಂಡಿದೆಯಾದರೂ ಫಲಿತಾಂಶ ಖಚಿತವಾದದ್ದು: ಆ ಮೂರು ನಾಲ್ಕು ಬಂಡೆಗಳು ಇಡೀ ಅಮೆರಿಕದ ಪಶ್ಚಿಮಕ್ಕೆ ಮುದ್ರೆಯಾದವು. ದಿನೇಗಳಿಗೆ ಕೂಲಿ ದೊರೆಯಿತು. ತೆರೆಯ ಮೇಲೆ ಅವರು ಅಪಾಚಿಗಳಾಗಿ ಕುದುರೆಯಿಂದ ಉರುಳಿದರು. 1958ರಲ್ಲಿ ನವಾಹೊ ಆಡಳಿತ ಆ ಬಯಲನ್ನು ತನ್ನದೇ ಉದ್ಯಾನವೆಂದು ಘೋಷಿಸಿತು.

ಸರ್ವೇಕ್ಷಣೆಯ ಹಳೆಯ ಚಿತ್ರಗಳು ಕಲೆಯಾಗಿ ಮರುಜನ್ಮ ಪಡೆದದ್ದೂ ಆ ಅವಧಿಯಲ್ಲಿಯೇ. ಛಾಯಾಚಿತ್ರಕಾರ ಆ್ಯನ್ಸೆಲ್ ಆ್ಯಡಮ್ಸ್ ತನ್ನಲ್ಲಿದ್ದ ಓಸಲಿವನ್‌ನ ಆಲ್ಬಮ್ಮನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ 1937ರ ಪ್ರದರ್ಶನಕ್ಕೆ ಒದಗಿಸಿದ. 1940ರ ದಶಕದ ಆರಂಭದಲ್ಲಿ ಆತನೇ ಬಿಳಿಯ ಮನೆಯನ್ನು ಚಿತ್ರಿಸಿದಾಗ, ತಾನು ಹೆಚ್ಚು ಕಡಿಮೆ ಓಸಲಿವನ್ ನಿಂತ ಜಾಗದಲ್ಲಿಯೇ ನಿಂತಿದ್ದೆನೆಂದು ಆಮೇಲೆ ಅರಿತ. ಆ್ಯಡಮ್ಸನ ಚಿತ್ರದಲ್ಲಿ ಮನುಷ್ಯಾಕೃತಿಗಳಿಲ್ಲ. ಬಂಡೆ ಈಗ ಎಷ್ಟು ದೊಡ್ಡದೆಂಬುದಲ್ಲ, ಎಷ್ಟು ಸುಂದರವೆಂಬುದು ಪ್ರಶ್ನೆ. ಅದಕ್ಕೆ ಅಳತೆಗೋಲೂ ಬೇಕಾಗಿರಲಿಲ್ಲ. ಇದರಿಂದ ಖಾಲಿತನ ಇನ್ನಷ್ಟು ಪೂರ್ಣವಾಯಿತೆಂದೇ ಹೇಳಬೇಕಾಗುತ್ತದೆ.

ಈ ಖಾಲಿತನದ ಬೆಲೆ ತಿಳಿದದ್ದು ಗ್ಲೆನ್ ಕ್ಯಾನಿಯನ್ನಿನಲ್ಲಿ. ಕೊಲೊರಾಡೊ ನದಿಗೆ ಅಲ್ಲಿ ಅಣೆಕಟ್ಟು ಕಟ್ಟಲು ಅಮೆರಿಕದ ಕಾಂಗ್ರೆಸ್ಸು 1956ರಲ್ಲಿ ಅನುಮತಿಸಿತು. 1963ರ ಮಾರ್ಚಿನಲ್ಲಿ ಬಾಗಿಲು ಮುಚ್ಚಿ ನೀರು ನಿಲ್ಲಿಸಲಾಯಿತು. ಅದೇ ವರ್ಷ ಸಿಯೆರಾ ಕ್ಲಬ್ ಎಂಬ ಸಂಸ್ಥೆ ಎಲಿಯಟ್ ಪೋರ್ಟರ್ ತೆಗೆದ ಆ ಕಮರಿಯ ವರ್ಣಚಿತ್ರಗಳ ಸಂಪುಟವನ್ನು ಪ್ರಕಟಿಸಿತು. ಹಸಿಗಾಜಿಗೆ ದಕ್ಕದ ಕೆಂಪು ಇಲ್ಲಿ ದಕ್ಕಿತ್ತು. ನೇರ ಬಿಸಿಲನ್ನು ಬಿಟ್ಟು, ಎದುರು ಗೋಡೆಗೆ ಬಡಿದು ಮರಳುವ ಮೆದು ಬೆಳಕನ್ನು ಪೋರ್ಟರ್ ಆರಿಸಿಕೊಂಡ. ಆ ಬೆಳಕಿನಲ್ಲಿ ಮರಳುಗಲ್ಲು ಒಳಗಿನಿಂದಲೇ ಕೆಂಡದಂತೆ ಕಾಣುತ್ತದೆ, ನೀರು ಆಕಾಶದ ನೀಲಿಯನ್ನು ಹೊತ್ತಿರುತ್ತದೆ. ಪರಿಸರ ಚಳವಳಿಯ ಚರಿತ್ರೆಯಲ್ಲಿ ಈ ಪುಸ್ತಕದ ಸ್ಥಾನ ದೊಡ್ಡದು. ಮುಂದೆ ಗ್ರ್ಯಾಂಡ್ ಕ್ಯಾನಿಯನ್ನಿನ ಅಣೆಕಟ್ಟುಗಳನ್ನು ತಡೆದ ಹೋರಾಟಕ್ಕೆ ಅದು ಬಲ ತಂದಿತು. ಆದರೂ ಅದರ ಶೀರ್ಷಿಕೆ ಜಾನಪದ ಅಧ್ಯಯನಕಾರರನ್ನು ತಡೆದು ನಿಲ್ಲಿಸುತ್ತದೆ: 'ಯಾರೂ ಅರಿಯದಿದ್ದ ಸ್ಥಳ'. ಮುಳುಗಿದ ನೆಲಕ್ಕಾಗಿ ಮರುಗಿದವರೂ, ಅದನ್ನು ಮುಳುಗಿಸಿದವರೂ ಒಂದು ಮಾತಿನಲ್ಲಿ ಒಮ್ಮತದವರಾಗಿದ್ದರು. ಅಲ್ಲಿ ಯಾರೂ ಇರಲಿಲ್ಲವೆಂಬುದೇ ಆ ಮಾತು.

ಅರಿತವರು ಇದ್ದರೆಂಬುದಕ್ಕೆ ಮಳೆಬಿಲ್ಲಿನ ಶಿಲಾಸೇತುವೇ ಸಾಕ್ಷಿ. ಗ್ಲೆನ್ ಕ್ಯಾನಿಯನ್ನಿನ ಉಪಕಮರಿಯೊಂದರಲ್ಲಿ ಸುಮಾರು 290 ಅಡಿ ಎತ್ತರಕ್ಕೆ ಕಮಾನಿಟ್ಟಿರುವ ಈ ಮರಳುಗಲ್ಲಿನ ಸೇತುವೆ ದಿನೇಗಳಿಗೆ ಕಲ್ಲಾದ ಮಳೆಬಿಲ್ಲು. ಅದರ ಸನಿಹದ ನವಾಹೊ ಪರ್ವತ ಪವಿತ್ರವಾದುದು. ಕಾರ್ಸನ್‌ನ ಸೇನೆಗೆ ಸಿಕ್ಕದೆ ಉಳಿದ ಕುಟುಂಬಗಳು ಆಶ್ರಯ ಪಡೆದದ್ದು ಆ ಸೀಮೆಯಲ್ಲಿ. ಮಳೆಗಾಗಿ, ರಕ್ಷಣೆಗಾಗಿ ಸೇತುವೆಯ ಬಳಿ ಪ್ರಾರ್ಥನೆಗಳು ನಡೆಯುತ್ತಿದ್ದವು. 1909ರ ಆಗಸ್ಟ್ 14ರಂದು ಬೈರನ್ ಕಮಿಂಗ್ಸ್ ಮತ್ತು ಡಬ್ಲ್ಯು. ಬಿ. ಡಗ್ಲಸ್ ಅವರ ತಂಡ ಇದನ್ನು 'ಕಂಡುಹಿಡಿಯಿತು'. ಅವರನ್ನು ಅಲ್ಲಿಗೆ ಕರೆದೊಯ್ದವರು ನಶ್ಯಾ ಬಿಗೇ ಮತ್ತು ಜಿಮ್ ಮೈಕ್ ಎಂಬ ಪೈಯೂಟ್ ಮಾರ್ಗದರ್ಶಿಗಳು. ಮರುವರ್ಷದ ಮೇ ತಿಂಗಳಲ್ಲಿ ಅಧ್ಯಕ್ಷ ಟ್ಯಾಫ್ಟ್ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು.

ಸೇತುವೆಯ ಚಿತ್ರ ತೆಗೆಯುವವರಿಗೆಲ್ಲ ಒಂದೇ ತೊಡಕು: ಅದರ ಗಾತ್ರ ಚಿತ್ರದಲ್ಲಿ ತಿಳಿಯುವುದಿಲ್ಲ. ಪರಿಹಾರವೂ 1873ರದೇ. ಕಮಾನಿನ ಕೆಳಗೆ ಒಬ್ಬನನ್ನು ನಿಲ್ಲಿಸುವುದು, ಕುದುರೆಯಿದ್ದರೆ ಕುದುರೆ ಸಮೇತ. ಮಾಜಿ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ 1913ರಲ್ಲಿ ಅಲ್ಲಿಗೆ ಹೋದಾಗ, ತಮ್ಮ ಜೊತೆಗಿದ್ದ ದಿನೇ ಸವಾರ ಕಮಾನಿನಡಿ ಹಾಯದೆ ಸುತ್ತುಬಳಸಿ ಆಚೆ ಬದಿಗೆ ಹೋದುದನ್ನು ಗಮನಿಸಿ ಬರೆದಿಟ್ಟಿದ್ದಾರೆ. ತಕ್ಕ ಪ್ರಾರ್ಥನೆಯಿಲ್ಲದೆ ಅದರಡಿಯಲ್ಲಿ ನಡೆಯಕೂಡದೆಂಬುದು ನಿಯಮ. ಛಾಯಾಚಿತ್ರದ ಅಳತೆಗೋಲು ನಿಲ್ಲುವ ತಾಣವೂ ಭಕ್ತ ನಿಲ್ಲದ ತಾಣವೂ ಇಲ್ಲಿಯೂ ಒಂದೇ.

ಸ್ಮಾರಕಗಳೊಳಗೆ ಜಲಾಶಯದ ನೀರು ನುಗ್ಗದಂತೆ ನೋಡಿಕೊಳ್ಳುವುದಾಗಿ 1956ರ ಕಾಯಿದೆ ಮಾತು ಕೊಟ್ಟಿತ್ತು. ಮಾತು ನಡೆಯಲಿಲ್ಲ. ಪೊವೆಲ್‌ನ ಹೆಸರನ್ನೇ ಹೊತ್ತ ಜಲಾಶಯದ ನೀರು ಸೇತುವೆಯ ಬುಡಕ್ಕೆ ಏರಿತು. ಹಿಂದೆ ಹದಿನಾಲ್ಕು ಮೈಲಿ ಕುದುರೆಯ ಮೇಲೆ ಬರಬೇಕಾಗಿದ್ದಲ್ಲಿಗೆ ಪ್ರವಾಸಿಗರು ಕೈಯಲ್ಲಿ ಕ್ಯಾಮೆರಾ ಹಿಡಿದು ಯಂತ್ರದೋಣಿಯಲ್ಲಿ ಬಂದಿಳಿಯತೊಡಗಿದರು. 1974ರಲ್ಲಿ ದಿನೇ ಹಿರಿಯರು ನ್ಯಾಯಾಲಯದ ಮೆಟ್ಟಿಲೇರಿದರು. ತಮ್ಮ ದೇವತೆಗಳು ಮುಳುಗಿವೆ, ಪ್ರಾರ್ಥನೆಯ ಸ್ಥಾನಗಳು ಇಲ್ಲವಾಗಿವೆ, ಪ್ರವಾಸಿಗರ ಗದ್ದಲದಲ್ಲಿ ವಿಧಿಗಳನ್ನು ನಡೆಸಲಾಗದು ಎಂಬುದು ಅವರ ಅಹವಾಲು. 1977ರಲ್ಲಿ ಜಿಲ್ಲಾ ನ್ಯಾಯಾಲಯ, ಆ ನೆಲದಲ್ಲಿ ಅವರಿಗೆ ಆಸ್ತಿಯ ಹಕ್ಕಿಲ್ಲವೆಂದಿತು. 1980ರಲ್ಲಿ ಮೇಲ್ಮನವಿಯ ನ್ಯಾಯಾಲಯ, ನೀರು ಮತ್ತು ವಿದ್ಯುತ್ತಿನ ಸಾರ್ವಜನಿಕ ಹಿತವೇ ಮೇಲೆಂದು ತೀರ್ಪಿತ್ತಿತು. ಕಾರ್ಲ್ ಲುಕರ್ಟ್ ಎಂಬ ವಿದ್ವಾಂಸ ಹಿರಿಯರಿಂದ ಸಂಗ್ರಹಿಸಿದ ಸೇತುವೆಯ ಮತ್ತು ಪರ್ವತದ ಐತಿಹ್ಯಗಳು ಪುಸ್ತಕವಾಗಿ ಬಂದದ್ದು 1977ರಲ್ಲಿ. ಚಿತ್ರಗಳು ಅರುವತ್ತೆಂಟು ವರ್ಷಗಳಿಂದ ಲೋಕವನ್ನು ಸುತ್ತುತ್ತಿದ್ದವು. ಕಥೆಗಳು ಅಕ್ಷರಕ್ಕೆ ಬಂದದ್ದು ನೀರು ಏರಿದ ಮೇಲೆ. ಕ್ಷೇತ್ರಕಾರ್ಯ ತಡವಾದರೆ ಏನಾಗುತ್ತದೆಂಬುದಕ್ಕೆ ಜಾನಪದ ಅಧ್ಯಯನದಲ್ಲಿ ಇದಕ್ಕಿಂತ ಕಠಿಣವಾದ ನಿದರ್ಶನ ಹುಡುಕುವುದು ಕಷ್ಟ.

ಬೇರೆ ಬಗೆಯ ಛಾಯಾಗ್ರಹಣ ಸಾಧ್ಯವೇ ಇರಲಿಲ್ಲವೆಂದು ಹೇಳುವಂತಿಲ್ಲ. 1930ರ ದಶಕದಿಂದ ದಿನೇ ಕುಟುಂಬಗಳ ಒಡನಾಟದಲ್ಲಿದ್ದ ಲಾರಾ ಗಿಲ್ಪಿನ್ 1968ರಲ್ಲಿ ಪ್ರಕಟಿಸಿದ 'ದಿ ಎಂಡ್ಯೂರಿಂಗ್ ನವಾಹೊ' ನಾಲ್ಕು ಭಾಗಗಳ ಗ್ರಂಥ. ನಾಲ್ಕು ದಿನೇಗಳ ಪವಿತ್ರ ಸಂಖ್ಯೆ. ಅದರಲ್ಲಿ ಬಂಡೆ, ಮಗ್ಗ, ಕುರಿಮಂದೆ, ಮುದುಕರ ಮುಖ ಒಂದೇ ಪುಸ್ತಕದೊಳಗೆ ಕೂಡಿಬಂದಿವೆ. 1873ರಲ್ಲಿ ಬೇರ್ಪಟ್ಟ ಬಂಡೆಯ ಚಿತ್ರ ಮತ್ತು ಜನರ ಚಿತ್ರಗಳನ್ನು ಒಂದು ಹೊದಿಕೆಯಡಿ ತಂದ ಈ ಕೆಲಸಕ್ಕೆ ದೊರೆಯಬೇಕಾದಷ್ಟು ಮನ್ನಣೆ ದೊರೆತಿಲ್ಲ.

ಇತ್ತೀಚಿನ ದಶಕಗಳಲ್ಲಿ ದಿನೇಗಳೇ ನಿಯಮಗಳನ್ನು ವಿಧಿಸತೊಡಗಿದ್ದಾರೆ. 'ಬಂಡೆಗಳ ನಡುವೆ ನೀರು ಹರಿಯುವೆಡೆ' ಎಂಬರ್ಥದ ದಿನೇ ಹೆಸರಿನ, ಆ್ಯಂಟಿಲೋಪ್ ಕ್ಯಾನಿಯನ್ ಎಂದು ಪ್ರಸಿದ್ಧವಾದ ಕಿರುಗಂಡಿ ನವಾಹೊ ಆಡಳಿತದ ಉದ್ಯಾನ. ಅದರ ಹೆಸರು ಎಚ್ಚರಿಕೆಯೂ ಹೌದೆಂಬುದು 1997ರ ಆಗಸ್ಟ್ 12ರಂದು ಘೋರವಾಗಿ ಸ್ಪಷ್ಟವಾಯಿತು. ದೂರದಲ್ಲೆಲ್ಲೋ ಸುರಿದ ಮಳೆಯ ನೀರು ಕೆಳಗಂಡಿಗೆ ನುಗ್ಗಿ ಹನ್ನೊಂದು ಮಂದಿ ಪ್ರವಾಸಿಗರು ಸತ್ತರು. ಈಗ ದಿನೇ ಮಾರ್ಗದರ್ಶಿಯಿಲ್ಲದೆ ಅಲ್ಲಿಗೆ ಪ್ರವೇಶವಿಲ್ಲ. 2014ರಲ್ಲಿ ಆ ಗಂಡಿಯ ಒಂದು ಛಾಯಾಚಿತ್ರ 65 ಲಕ್ಷ ಡಾಲರಿಗೆ ಮಾರಾಟವಾಯಿತೆಂದು ಛಾಯಾಚಿತ್ರಕಾರ ಪೀಟರ್ ಲಿಕ್‌ನ ಕಡೆಯವರು ಹೇಳಿಕೊಂಡರು. ಅದರಲ್ಲಿ ಮೇಲಿನಿಂದ ಇಳಿವ ಬೆಳಕಿನ ಕೋಲಿನೊಳಗೆ ಧೂಳು ಮನುಷ್ಯಾಕೃತಿಯಂತೆ ಎದ್ದು ನಿಂತಿದೆ. ಸಮೀಪದ ಕೊಯೊಟಿ ಬ್ಯೂಟ್ಸ್ ಎಂಬಲ್ಲಿನ, ಅಲೆಯಾಕಾರದ ಮರಳುಗಲ್ಲಿಗೆ ದಿನಕ್ಕೆ ಇಪ್ಪತ್ತು ಜನರಿಗೆ ಮಾತ್ರ ಇದ್ದ ಅನುಮತಿಯನ್ನು ಭೂನಿರ್ವಹಣಾ ಇಲಾಖೆ 2021ರಲ್ಲಿ 64ಕ್ಕೆ ಏರಿಸಿತು. ಚೀಟಿ ಎತ್ತಿ ಆರಿಸುವ ಪದ್ಧತಿ ಮುಂದುವರಿದಿದೆ. ಅಲ್ಲಿ ಎಣಿಕೆಯಿದೆ, ಕಲ್ಲು ಸವೆಯದಿರಲೆಂಬ ಕಾಳಜಿಯೂ ಇದೆ. ಮಳೆಬಿಲ್ಲಿನ ಸೇತುವೆಯ ಬಳಿ ರಾಷ್ಟ್ರೀಯ ಉದ್ಯಾನ ಇಲಾಖೆ ನ್ಯಾಯಾಲಯ ಕೊಡದುದನ್ನು ಕೋರಿಕೆಯ ರೂಪದಲ್ಲಿ ಕೊಟ್ಟಿದೆ: ಸ್ಥಳೀಯ ಜನರ ನಂಬಿಕೆಯನ್ನು ಮನ್ನಿಸಿ ಕಮಾನಿನ ಕೆಳಗೆ ಹೋಗಬೇಡಿರೆಂದು 1990ರ ದಶಕದಿಂದ ಅದು ಕೇಳಿಕೊಳ್ಳುತ್ತಿದೆ. ಪಾಲಿಸುವುದು ಬಿಡುವುದು ಬಂದವರ ಇಚ್ಛೆ.

ಜಲಾಶಯವೂ ಸ್ಥಿರವಾಗಿ ಉಳಿದಿಲ್ಲ. 1980ರಲ್ಲಿ ಮೊದಲ ಬಾರಿ ತುಂಬಿದ ಅದು ಈ ಶತಮಾನದ ಬರಗಾಲಗಳಲ್ಲಿ ಇಳಿಯುತ್ತ ಬಂದಿದೆ. ಫಿಲಿಪ್ ಹೈಡ್ 1964ರಲ್ಲಿ, ನೀರು ಏರುತ್ತಿದ್ದಾಗ, ಚಿತ್ರಿಸಿದ್ದ 'ಮರುಭೂಮಿಯ ಮಹಾದೇಗುಲ' ಎಂಬ ಕಲ್ಲಿನ ಗಹ್ವರ 2005ರಲ್ಲಿ ಬಹುಪಾಲು ಹೊರಬಂದಿತು. ಮತ್ತೆ ಮುಳುಗಿ 2021ರ ಬಳಿಕ ಇನ್ನೊಮ್ಮೆ ತೆರೆದುಕೊಂಡಿತು. ಛಾಯಾಚಿತ್ರಕಾರರು ಹೈಡ್‌ನ ಚಿತ್ರವನ್ನು ಕೈಯಲ್ಲಿ ಹಿಡಿದು ಅದೇ ಕೋನವನ್ನು ಹುಡುಕುತ್ತ ಅಲ್ಲಿಗೆ ಹೋಗುತ್ತಿದ್ದಾರೆ. ಕಮರಿಯ ಕೆಂಪು ಗೋಡೆಗಳ ಮೇಲೆ, ನೀರು ನಿಂತಿದ್ದ ಎತ್ತರದವರೆಗೆ, ಸುಣ್ಣದಂಥ ಬಿಳಿಯ ಲೇಪವೊಂದು ಉಳಿದಿದ್ದು, ಈಗಿನ ಎಲ್ಲ ಚಿತ್ರಗಳಲ್ಲಿಯೂ ಅದು ಕಾಣುತ್ತದೆ.